ಜೋಳಿಗೆ ಮತ್ತು ಹಿಮದ ಹಲಗೆ

ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿರುವಾಗ ಯಲಹಂಕ ಉಪನಗರದ ಶರಣಬಂಧುಗಳೊಬ್ಬರ ಮನೆಯಲ್ಲಿ ಏರ್ಪಟ್ಟಿದ್ದ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ಅಂದಿನ ಚಿಂತನೆಗೆ ನಮಗೆ ಕೊಟ್ಟಿದ್ದ ವಿಷಯ ದಾಸೋಹ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಕುರಿತು ಒಂದು ಗಂಟೆಯ ಕಾಲ ಮಾತನಾಡಿದೆವು. ‘ನಾನು ಕೊಟ್ಟೆ’ ಎಂಬ ಭಾವ ದಾನದಲ್ಲಿ ಉಳಿಯಬಹುದು, ದಾಸೋಹದಲ್ಲಿ ಅದು ಉಳಿಯಕೂಡದು ಎಂದು ಹೇಳಿದಾಗ ಕೇಳುಗರು ತಲೆದೂಗಿದರು. ನಮಗೂ ಸಂತೋಷವಾಯಿತು. ಆದರೆ ಅಂದಿನ ನಿಜವಾದ ಪರೀಕ್ಷೆ ಉಪನ್ಯಾಸ ಮುಗಿದ ಮೇಲೆ ನಮಗಾಗಿ ಕಾದಿತ್ತು.

ಪ್ರಸಾದ ಮುಗಿದು ಬಂದವರೆಲ್ಲ ಹೊರಟುಹೋದ ಬಳಿಕ ಮನೆಯ ಯಜಮಾನರು ನಮ್ಮನ್ನು ಒಳಕೋಣೆಗೆ ಕರೆದೊಯ್ದು ಕೂರಿಸಿದರು. ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮಿತಭಾಷಿಗಳು. ಅವರ ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಿರುವ ಹತ್ತೊಂಬತ್ತು ವರ್ಷದ ಹುಡುಗಿ. ಆಕೆ ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಎರಡು ಚಳಿಗಾಲ ಹಿಮದ ಮೇಲೆ ಹಲಗೆ ಹತ್ತಿ ಜಾರುವ ಸ್ನೋಬೋರ್ಡ್ ಎಂಬ ಆಟವನ್ನು ಕಲಿತು ಬಂದಿದ್ದಾಳೆ. ಈಗ ಅದರಲ್ಲಿಯೇ ಸ್ಪರ್ಧಿಸಬೇಕೆಂಬ ಹಂಬಲ. ಅದಕ್ಕೆ ಬೇಕಾಗುವ ಹಣ ಮನೆಯ ಶಕ್ತಿಯನ್ನು ಮೀರಿದ್ದು. ನೆಂಟರಿಷ್ಟರನ್ನು, ಬಡಾವಣೆಯ ಸಂಘದವರನ್ನು, ಸಮಾಜದ ಸಂಸ್ಥೆಗಳನ್ನು ತಾನೇ ಹೋಗಿ ಕೇಳುತ್ತೇನೆಂದು ಆಕೆ ಹೊರಟಿದ್ದಾಳೆ.

“ಶಾಸ್ತ್ರಿಗಳೇ, ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಇನ್ನೊಬ್ಬರ ಮುಂದೆ ಕೈ ಚಾಚಿದವರಲ್ಲ. ಅದೂ ಆಟಕ್ಕೆ! ನೀವೇ ಒಂದು ಮಾತು ಹೇಳಿ” ಎಂದರು.

ನಾವು ಹೇಳಿದ ಮಾತನ್ನು ಇಲ್ಲಿ ಮರೆಮಾಚದೆ ಬರೆಯುತ್ತೇವೆ. ಹಿಮವೇ ಬೀಳದ ನಾಡಿನ ಮಗುವಿಗೆ ಹಿಮದ ಆಟವೇಕೆ, ಓದು ಮುಗಿಸಲಿ, ಮೈಗೆ ವ್ಯಾಯಾಮ ಬೇಕಿದ್ದರೆ ಇಲ್ಲಿಯೇ ಆಡುವ ಆಟಗಳು ನೂರಿವೆ, ಪರರ ಹಣ ಬೇಡಿ ಆಡುವುದು ಕಾಯಕಧರ್ಮಕ್ಕೆ ಸಲ್ಲುವುದಿಲ್ಲ ಎಂದುಬಿಟ್ಟೆವು. ಒಂದು ಗಂಟೆ ದಾಸೋಹವನ್ನು ಕೊಂಡಾಡಿದ ಬಾಯಿ ಅರೆ ನಿಮಿಷದಲ್ಲಿ ಆ ತೀರ್ಪು ಕೊಟ್ಟಿತು. ಹುಡುಗಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಎದುರಾಡಲಿಲ್ಲ. ನಾವು ಹೊರಟು ನಿಂತಾಗ ನಮಸ್ಕರಿಸಿ, ತಲೆ ತಗ್ಗಿಸಿಕೊಂಡೇ ಕೇಳಿದಳು: “ತಾತ, ನೀವು ಮಠದಲ್ಲಿ ಓದುತ್ತಿದ್ದಾಗ ನಿಮ್ಮ ಊಟದ ಖರ್ಚು ಯಾರು ಕೊಡುತ್ತಿದ್ದರು?”

ಅಜ್ಜನವರು ಗದರಿದರು. ನಾವು ನಕ್ಕು ಆಕೆಯ ತಲೆಯ ಮೇಲೆ ಕೈಯಿಟ್ಟು ಬಂದೆವು. ಆದರೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ಬಸ್ಸು ಎಂದಿನಂತೆ ನಿಂತು, ಮುಂದಕ್ಕೆ ಹೋಗಲಾರದೆ ಗುರುಗುಟ್ಟುತ್ತಿದ್ದ ಅರ್ಧ ಗಂಟೆಯುದ್ದಕ್ಕೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ನಾವು ಹನ್ನೆರಡು ವರ್ಷ ಮಠದ ಪಂಕ್ತಿಯಲ್ಲಿ ಉಂಡವರು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದು ತಂದ ಧಾನ್ಯ ಅದು. ಆ ಅನ್ನವನ್ನು ಉಂಡು ನಾವು ಕಲಿತದ್ದೇನು? ವ್ಯಾಕರಣ, ತರ್ಕ, ಛಂದಸ್ಸು. ಒಕ್ಕಲು ಮಕ್ಕಳಾದ ಆ ದಾನಿಗಳಿಗೆ ನಮ್ಮ ಸಂಧಿ ಸಮಾಸಗಳಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರ ಹೊಲದಲ್ಲಿ ಅವು ಬೆಳೆಯುವಂಥವಲ್ಲ. ಆದರೂ ಸೇರು ಅಕ್ಕಿ ಹಾಕುವಾಗ, “ಈ ಹುಡುಗರು ಕಲಿಯುವ ವಿದ್ಯೆಯಿಂದ ಊರಿಗೇನು ಲಾಭ” ಎಂದು ಅವರು ಕೇಳಿದ್ದನ್ನು ನಾವು ಕಾಣೆವು. ಈ ವಿಚಾರ ತಲೆಯಲ್ಲಿ ಹೊಕ್ಕ ಮೇಲೆ, ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಟ್ಟೆವಲ್ಲ ಎಂಬ ಸಂಕೋಚ ಹುಟ್ಟಿತು. ಮುಂದಿನ ಒಂದು ತಿಂಗಳು ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ಇಂಥ ಮಕ್ಕಳು ಇನ್ನೂ ಹಲವು ಮನೆಗಳಲ್ಲಿ ಇರಬಹುದು. ಅವರ ಆಟ ಬೇರೆ ಇರಬಹುದು, ಮನೆಯವರ ಸಂಕಟ ಮಾತ್ರ ಒಂದೇ.

ಮೊದಲು ಆಟದ ವಿಚಾರ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪೆನ್ ಎಂಬ ಗೃಹಸ್ಥರು ತಮ್ಮ ಹೆಣ್ಣುಮಕ್ಕಳು ಹಿಮದ ದಿಬ್ಬದ ಮೇಲೆ ಆಡಲೆಂದು ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಕಟ್ಟಿಕೊಟ್ಟರು. ಮಕ್ಕಳ ಆಟಕ್ಕೆ ತಂದೆ ಮಾಡಿಕೊಟ್ಟ ಆ ಹಲಗೆಯೇ ಈ ಕ್ರೀಡೆಯ ಬೀಜ. 1998ರಲ್ಲಿ ಜಪಾನಿನ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಸ್ಕೀ ಎಂಬುದರಲ್ಲಿ ಎರಡು ಕಾಲಿಗೆ ಎರಡು ಪಟ್ಟಿ, ಕೈಯಲ್ಲಿ ಎರಡು ಕೋಲು. ಇದರಲ್ಲಿ ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದು, ಅಡ್ಡ ನಿಂತು, ಇಳಿಜಾರಿನಲ್ಲಿ ಇಳಿಯಬೇಕು. ಕೋಲಿನ ಆಸರೆಯಿಲ್ಲ. ಹಲಗೆಯ ಅಂಚಿನ ಮೇಲೆ ಮೈಯ ಭಾರವನ್ನು ಹಿಮ್ಮಡಿಯ ಕಡೆಗೋ ಬೆರಳುಗಳ ಕಡೆಗೋ ವಾಲಿಸುವುದೇ ಅದರ ಚುಕ್ಕಾಣಿ. ನೆಟ್ಟ ಕಂಬಗಳ ನಡುವೆ ವೇಗವಾಗಿ ಇಳಿಯುವ ಸ್ಪರ್ಧೆಗಳು ಕೆಲವು, ಹಿಮದ ದಿಬ್ಬಗಳಿಂದ ಮೇಲಕ್ಕೆ ನೆಗೆದು ತಿರುಗಿ ಇಳಿಯುವ ಸ್ಪರ್ಧೆಗಳು ಕೆಲವು. ಕಲಿಯುವವರು ಮೊದಲ ದಿನಗಳನ್ನು ಬೀಳುವುದರಲ್ಲಿಯೇ ಕಳೆಯುತ್ತಾರೆ. ಮುಂಗೈ ಮೂಳೆ ಮುರಿದುಕೊಳ್ಳುವುದು ಇದರಲ್ಲಿ ಸಾಮಾನ್ಯವಾದ ಅಪಾಯವೆನ್ನುತ್ತಾರೆ. ಶಿರಸ್ತ್ರಾಣವಿಲ್ಲದೆ ಹಲಗೆ ಹತ್ತಕೂಡದು.

ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯವಾದ ನೆಲೆ ಗುಲ್ಮಾರ್ಗ್. ಊರೇ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತೂಗುಬಂಡಿ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರದವರೆಗೆ ಕೊಂಡೊಯ್ಯುತ್ತದೆ. ಹಿಮಾಚಲದ ಸೋಲಾಂಗ್, ಉತ್ತರಾಖಂಡದ ಔಲಿ ಮತ್ತೆರಡು ನೆಲೆಗಳು. ಯಲಹಂಕದ ಮಗು ಮೊತ್ತಮೊದಲು ಹಿಮವನ್ನು ಮುಟ್ಟಿದ್ದು ಆರ್.ಟಿ. ನಗರಕ್ಕೆ ಅನತಿ ದೂರದ ಜಯಮಹಲ್ ರಸ್ತೆಯಲ್ಲಿ, ಯಂತ್ರದಿಂದ ಹಿಮ ಮಾಡಿ ಹರಡುವ ಮನರಂಜನೆಯ ಕೋಣೆಯೊಂದರಲ್ಲಂತೆ. ಬಾಡಿಗೆಯ ಕೋಟು ತೊಟ್ಟು ಹೋಗಿ ಬರುವ ಜಾಗ. ಸಾವಿರಾರು ಮಕ್ಕಳು ಅಲ್ಲಿಗೆ ಹೋಗಿ ಮೂಗು ಕೆಂಪಗೆ ಮಾಡಿಕೊಂಡು ಬಂದಿದ್ದಾರೆ. ಈಕೆಗೆ ಅದು ಮರೆಯಲಿಲ್ಲ. ಯಾವ ಬೀಜ ಎಲ್ಲಿ ಬೇರು ಬಿಡುತ್ತದೆಂದು ಹೇಳುವುದು ಕಷ್ಟ.

ಹಿಮವಿಲ್ಲದ ನಾಡು ಎಂಬ ನಮ್ಮ ಆಕ್ಷೇಪವೇ ಮೊದಲು ಬಿದ್ದುಹೋಯಿತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯ ಹೆಸರನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. ಆಕೆಯದು ಸ್ನೋಬೋರ್ಡ್ ಅಲ್ಲ, ಹಿಮದ ಬಯಲಿನಲ್ಲಿ ಮೈಲಿಗಟ್ಟಲೆ ಸ್ಕೀ ಮೇಲೆ ಸಾಗುವ ಕ್ರಾಸ್ ಕಂಟ್ರಿ ಎಂಬ ವಿಭಾಗ. ಕಾವೇರಿ ಹುಟ್ಟುವ ನಾಡಿನಲ್ಲಿ ಮಳೆ ಉಂಟು, ಮಂಜು ಉಂಟು, ಹಿಮವೆಲ್ಲಿಯದು? ಆದರೂ ಆಕೆ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರಾಲ್ಕೊದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ವಿಭಾಗದ ಕಂಚಿನ ಪದಕ ಗಳಿಸಿದರು. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಇಂಥ ಅಂತಾರಾಷ್ಟ್ರೀಯ ಪದಕ ಪಡೆದ ಭಾರತದ ಮೊದಲ ಮಹಿಳೆ ಎಂಬ ಗೌರವ ಕನ್ನಡನಾಡಿನ ಹೆಣ್ಣುಮಗಳಿಗೆ ಸಂದಿತು. ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಪದಕಪಟ್ಟಿಯಲ್ಲಿ ಸೈನ್ಯದ ತಂಡದ ನಂತರ ಎರಡನೆಯ ಸ್ಥಾನ ಪಡೆದ ತಂಡ ಹಿಮಾಚಲದ್ದಲ್ಲ, ಕಾಶ್ಮೀರದ್ದಲ್ಲ, ಕರ್ನಾಟಕದ್ದು! ನಾವು ಯಲಹಂಕದ ಆ ಕೋಣೆಯಲ್ಲಿ ಕುಳಿತು ತೀರ್ಪು ಕೊಡುವಾಗ ಇದನ್ನು ಅರಿತಿರಲಿಲ್ಲ.

ಹಾಗೆಂದು ದಾರಿ ಸುಗಮವೆಂದು ಯಾರೂ ಭಾವಿಸಬಾರದು. ಸ್ನೋಬೋರ್ಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ತಲುಪಿದ ಭಾರತೀಯರು ಇದುವರೆಗೆ ಒಬ್ಬರೂ ಇಲ್ಲ. 2026ರಲ್ಲಿ ಇಟಲಿಯಲ್ಲಿ ನಡೆದ ಮಿಲಾನೊ ಕೊರ್ಟಿನಾ ಕೂಟಕ್ಕೆ ಭಾರತದಿಂದ ಹೋದವರು ಇಬ್ಬರೇ, ಇಬ್ಬರೂ ಸ್ಕೀ ಪಟುಗಳು. ಅಲ್ಲಿಗೆ ಅರ್ಹತೆ ಪಡೆಯಬೇಕಾದರೆ ಅಂತಾರಾಷ್ಟ್ರೀಯ ಸಂಸ್ಥೆ ಮನ್ನಿಸಿದ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಭಾಗವಹಿಸಿ ಅಂಕಗಳನ್ನು ಕೂಡಿಸಬೇಕು. ಆ ಸ್ಪರ್ಧೆಗಳಲ್ಲಿ ಬಹುಪಾಲು ಯೂರೋಪಿನಲ್ಲಿ, ಅಮೆರಿಕದಲ್ಲಿ, ಜಪಾನ್ ಮತ್ತು ಕೊರಿಯಾಗಳಲ್ಲಿ ನಡೆಯುತ್ತವೆ. ಹೆಸರು ಕಳುಹಿಸುವ ಅಧಿಕಾರವೂ ರಾಷ್ಟ್ರೀಯ ಒಕ್ಕೂಟದ್ದು, ಆಟಗಾರರು ತಾವಾಗಿ ಹೋಗಿ ನಿಲ್ಲುವಂತಿಲ್ಲ.

ವೆಚ್ಚ ಏರುವುದು ಇಲ್ಲಿಯೇ. ಹಲಗೆ, ಅದಕ್ಕೆ ಪಾದವನ್ನು ಬಿಗಿಯುವ ಕಟ್ಟು, ಬೂಟು, ಕನ್ನಡಕ, ಶಿರಸ್ತ್ರಾಣ ಇವೆಲ್ಲ ಒಮ್ಮೆ ಕೊಳ್ಳುವ ವಸ್ತುಗಳು. ಒಮ್ಮೆ ಎಂದರೂ ತಪ್ಪು. ಸ್ಪರ್ಧೆಯ ಬಗೆ ಬದಲಾದರೆ ಹಲಗೆಯೂ ಬದಲಾಗಬೇಕು. ಅಂಚು ಮಸೆಯಬೇಕು, ಅಡಿಗೆ ಮೇಣ ಹಚ್ಚಬೇಕು. ಆದರೂ ಇವು ಸಣ್ಣ ಬಾಬತ್ತುಗಳು. ದೊಡ್ಡ ಬಾಬತ್ತು ಪ್ರಯಾಣ, ವಸತಿ, ತರಬೇತುದಾರರ ಗೌರವಧನ, ಬೆಟ್ಟದ ಮೇಲಕ್ಕೆ ದಿನದಿನವೂ ಏರುವ ತೂಗುಬಂಡಿಯ ಚೀಟಿ, ಮತ್ತು ವಿಮೆ. ಓಟಗಾರರಿಗೆ ಬೆಳಗಿನ ಹೊತ್ತು ಜಿ.ಕೆ.ವಿ.ಕೆ. ಆವರಣದ ರಸ್ತೆ ಸಾಕು. ಈಕೆಗೆ ಅಭ್ಯಾಸದ ಅಂಗಳವೇ ಎರಡು ಸಾವಿರ ಕಿಲೋಮೀಟರ್‌ಗಳಿಗಿಂತ ದೂರ, ಅದೂ ವರ್ಷದಲ್ಲಿ ಮೂರು ತಿಂಗಳು ಮಾತ್ರ ತೆರೆದಿರುವಂಥದು. ಉಳಿದ ಒಂಬತ್ತು ತಿಂಗಳು ಗಾಲಿ ಹಲಗೆಯ ಮೇಲೆ ಸಮತೋಲ, ಮೆಟ್ಟಿಲು ಓಟ, ಕಾಲಿನ ಬಲ. ಇನ್ನು ಹಣ ಕೂಡಿತು, ಚೀಟಿ ಕೊಂಡೆವು, ಹಿಮವೇ ಬೀಳಲಿಲ್ಲ ಎಂದರೆ? ಅದೂ ಆಗಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ಬಹುಕಾಲ ಬರಿದಾಗಿದ್ದವು. 2025ರಲ್ಲಿ ಫೆಬ್ರವರಿಗೆ ಗೊತ್ತಾಗಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮದ ಕೊರತೆಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು.

ಸರ್ಕಾರ ಕೊಡಬಾರದೇ ಎಂದು ಕೇಳುವವರುಂಟು. 1998ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ನಿಧಿ ಇದೆ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ. ಮನೆಯವರು ಮೊದಲು ಆ ಬಾಗಿಲುಗಳನ್ನು ತಟ್ಟಬೇಕು. ಆದರೆ ಸರ್ಕಾರದ ನೆರವು ಸಾಧಿಸಿ ತೋರಿದವರನ್ನು ಹುಡುಕಿಕೊಂಡು ಬರುತ್ತದೆ. ಸಾಧಿಸಲು ಹೊರಟವರಿಗೆ ಆರಂಭದ ಕೆಲವು ವರ್ಷಗಳನ್ನು ದಾಟಿಸುವವರು ಯಾರು? ಶ್ರೀಮಂತ ದೇಶದಲ್ಲಿಯೂ ಆ ಹೊರೆ ಮನೆಯವರದೇ. 2018ರಲ್ಲಿ ಹದಿನೇಳನೆಯ ವಯಸ್ಸಿಗೆ ಸ್ನೋಬೋರ್ಡ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಕ್ಲೋಯಿ ಕಿಮ್ ಎಂಬ ಹುಡುಗಿಯ ತಂದೆ ಕೊರಿಯಾದಿಂದ ವಲಸೆ ಬಂದವರು. ಮಗಳನ್ನು ಬೆಟ್ಟಕ್ಕೆ ಕರೆದೊಯ್ಯಲೆಂದು ಇಂಜಿನಿಯರ್ ಕೆಲಸವನ್ನೇ ಬಿಟ್ಟರು.

ಹಣ ಕೇಳಿ ಹೊರಟವರ ಕಥೆಗಳಲ್ಲಿ ಗೆಲುವೂ ಇದೆ, ಸೋಲೂ ಇದೆ. ಮನಾಲಿಯ ಶಿವ ಕೇಶವನ್ ಹದಿನಾರನೆಯ ವಯಸ್ಸಿನಲ್ಲಿ ನಾಗಾನೊ ಕೂಟದಲ್ಲಿ ಮಂಜುಗಡ್ಡೆಯ ಕಾಲುವೆಯಲ್ಲಿ ಮಲಗಿ ಜಾರುವ ಲ್ಯೂಜ್ ಸ್ಪರ್ಧೆಗೆ ಎರವಲು ತಂದ ಬಂಡಿಯೊಡನೆ ಇಳಿದರು. ಅಲ್ಲಿಂದ 2018ರವರೆಗೆ ಆರು ಒಲಿಂಪಿಕ್ಸ್. ನಡುವಿನ ವರ್ಷಗಳಲ್ಲಿ ಬಂಡಿಗೆ ಗಾಲಿ ಕಟ್ಟಿಕೊಂಡು ಹಿಮಾಲಯದ ಡಾಂಬರು ರಸ್ತೆಗಳಲ್ಲಿ, ಲಾರಿ ಮತ್ತು ಕುರಿಮಂದೆಗಳ ನಡುವೆ ನುಸುಳುತ್ತ ಅಭ್ಯಾಸ ಮಾಡಿದರು. 2014ರ ಸೋಚಿ ಕೂಟಕ್ಕೆ ಮೊದಲು ಸಾರ್ವಜನಿಕರಿಂದ ಹಣ ಸಂಗ್ರಹಿಸಿದರು. ಅಂದು ಭಾರತದ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದುದರಿಂದ ಉದ್ಘಾಟನೆಯ ದಿನ ನಮ್ಮ ಮೂವರು ಕ್ರೀಡಾಪಟುಗಳು ತ್ರಿವರ್ಣ ಧ್ವಜವಿಲ್ಲದೆ ನಡೆಯಬೇಕಾಯಿತು. ಹಣವನ್ನು ಜನ ಕೊಟ್ಟರು, ಧ್ವಜವನ್ನು ಸಂಸ್ಥೆ ಕಳೆದಿತ್ತು. ಬಿಸಿಲ ನಾಡಾದ ನೈಜೀರಿಯಾದ ಪರವಾಗಿ, ಅಮೆರಿಕದಲ್ಲಿ ನೆಲೆಸಿದ್ದ ಮೂವರು ಓಟಗಾರ್ತಿಯರು ಮರದಿಂದ ತಾವೇ ಬಂಡಿ ಮಾಡಿ ಅಭ್ಯಾಸ ಆರಂಭಿಸಿ, ಸಾರ್ವಜನಿಕರಿಂದ 75,000 ಡಾಲರು ಕೇಳಿ ಪಡೆದು, 2018ರಲ್ಲಿ ಬಾಬ್‌ಸ್ಲೆಡ್ ಸ್ಪರ್ಧೆಗೆ ಆಫ್ರಿಕದ ಮೊದಲ ತಂಡವಾಗಿ ಹೋದರು. ಆದರೆ ಅದೇ 2018ರ ಕೂಟಕ್ಕೆ ಹೋಗಬೇಕೆಂದಿದ್ದ ಕಾಶ್ಮೀರದ ಸ್ಕೀ ಪಟು ಆರಿಫ್ ಖಾನ್ ಕೈಲಿ ಸಾಕಷ್ಟು ಹಣ ಸೇರದೆ ಉಳಿದುಬಿಟ್ಟರು. ನಾಲ್ಕು ವರ್ಷ ಕಾದು, ತಮ್ಮ ಮದುವೆಯನ್ನೂ ಮುಂದೂಡಿ, 2022ರ ಬೀಜಿಂಗ್ ಕೂಟಕ್ಕೆ ಭಾರತದ ಏಕೈಕ ಸ್ಪರ್ಧಿಯಾಗಿ ಹೋಗಿ ಜಯಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ 45ನೆಯವರಾದರು. ನಲವತ್ತೈದನೆಯ ಸ್ಥಾನಕ್ಕೆ ಇಷ್ಟೆಲ್ಲವೇ ಎಂದು ಯಾರಾದರೂ ಕೇಳಿದರೆ, ಅವರು ಹಣ ಕೊಡದಿರುವುದೇ ಲೇಸು. ಕೊಟ್ಟವರು ಪದಕವನ್ನು ಕೊಂಡುಕೊಂಡಂತೆ ವರ್ತಿಸಿದರೆ ಹತ್ತೊಂಬತ್ತರ ಮಗುವಿನ ಹೆಗಲ ಮೇಲೆ ಹಲಗೆಗಿಂತ ಭಾರವಾದುದೊಂದು ಬಂದು ಕೂರುತ್ತದೆ.

ಇನ್ನು ನಮ್ಮ ಸಮಾಜದ ವಿಚಾರ. ಕೇಳಿ ಕೂಡಿಸಿ ಕಟ್ಟುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಕಣ್ಣಿಗೆ ಬೀಳುವ ಛತ್ರವನ್ನು ಗುಬ್ಬಿ ತೋಟದಪ್ಪನವರು ತಮ್ಮ ವ್ಯಾಪಾರದ ಗಳಿಕೆಯಿಂದ ಕಟ್ಟಿಸಿದರು. ಓದಲು ಬಂದ ಹಳ್ಳಿಯ ಹುಡುಗರಿಗೆ ವಸತಿ ಅನ್ನ ದೊರೆತದ್ದು ಅವರ ಧರ್ಮದಿಂದ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಆರಂಭಿಸಿದ ಕೆ.ಎಲ್.ಇ. ಸಂಸ್ಥೆಯ ಹಿಂದೆ ಶಿರಸಂಗಿ ಲಿಂಗರಾಜರಂಥವರು ಹಾಕಿಕೊಟ್ಟ ತ್ಯಾಗದ ಮೇಲ್ಪಂಕ್ತಿಯಿತ್ತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಭಕ್ತರ ಊರೂರಿಗೆ ಹೋಗಿ ಬೇಡಿ ತಂದು ಸಾವಿರಾರು ಮಕ್ಕಳಿಗೆ ಉಣಬಡಿಸಿದರು. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅವರನ್ನು ಯಾರೂ ‘ಕೈ ಚಾಚಿದವರು’ ಎನ್ನಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಸಿದ ಮಗುವಿನ ತುತ್ತಿಗೂ ಹಿಮದ ಹಲಗೆಗೂ ಸಮತೂಕವಿಲ್ಲ. ಯಾವ ಮಠದ ದಾಸೋಹನಿಧಿಯಿಂದಲೂ ಒಂದು ಕಾಸನ್ನು ಇದಕ್ಕೆ ತೆಗೆಯಬಾರದು. ವಿದ್ಯಾರ್ಥಿವೇತನಕ್ಕೆಂದು ಹಿರಿಯರು ಬರೆದಿಟ್ಟ ಹಣ ಆ ಉದ್ದೇಶಕ್ಕೇ ಸಲ್ಲಬೇಕು. ಯಲಹಂಕದ ಹುಡುಗಿ ಸಮಾಜದ ಸಂಸ್ಥೆಗಳನ್ನು ಕೇಳುತ್ತೇನೆಂದದ್ದಕ್ಕೆ ನಮ್ಮ ಒಪ್ಪಿಗೆ ಇಂದಿಗೂ ಇಲ್ಲ. ಕೇಳಬೇಕಾದದ್ದು ನಮ್ಮ ನಿಮ್ಮಂಥ ಮನೆಗಳನ್ನು. ಮದುವೆಯ ಚಪ್ಪರದ ಹೂವಿಗೆ, ಒಂದೇ ಸಂಜೆಯ ಆರತಕ್ಷತೆಗೆ ನಾವು ಸುರಿಯುವ ಹಣವಿದೆಯಲ್ಲ, ಅದರ ಮೇಲೆ ಈ ಮಕ್ಕಳಿಗೆ ಸ್ವಲ್ಪ ಹಕ್ಕಿರಬಹುದು ಎಂದು ನಮಗೆ ತೋರುತ್ತದೆ.

ಎಷ್ಟು ಕೇಳಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ಅಳತೆಗೋಲು ಇದೆ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವರ ಮಡದಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲ, ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಾವು ವೇದಿಕೆಗಳ ಮೇಲೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಅದರಲ್ಲಿ ಬೇಡುವವರಿಗೂ ಒಂದು ನೀತಿಯಿದೆ ಎಂಬುದು ಈ ಸಲ ಹೊಳೆಯಿತು. ಒಂದು ಚಳಿಗಾಲಕ್ಕೆ ಬೇಕಾದಷ್ಟನ್ನೇ ಕೇಳಬೇಕು. ಯಾವುದಕ್ಕೆಂದು ಮೊದಲೇ ಬರೆದು ತೋರಿಸಬೇಕು, ಆಮೇಲೆ ಯಾವುದಕ್ಕೆ ಹೋಯಿತೆಂದು ಮತ್ತೆ ತೋರಿಸಬೇಕು. ಹಿಮ ಬೀಳದಿದ್ದರೆ, ಮೈಗೆ ಪೆಟ್ಟಾಗಿ ಹೋಗಲಾಗದಿದ್ದರೆ ಉಳಿದುದನ್ನು ಕೊಟ್ಟವರಿಗೆ ಮರಳಿಸಬೇಕು. ಪದಕದ ಭರವಸೆ ಕೊಡಬಾರದು. ಕೊಡುವವರೂ ಕಣ್ಣು ಮುಚ್ಚಿ ಕೊಡಬೇಕಾಗಿಲ್ಲ. ಕಲಿಸಿದವರ ಪತ್ರ ಎಲ್ಲಿ, ಒಕ್ಕೂಟದಲ್ಲಿ ಹೆಸರು ನೋಂದಾಯಿಸಿದೆಯೇ, ಎಂದು ಕೇಳಿ ಕೊಡಲಿ. ಮೋಸ ಮಾಡುವವರು ಎಲ್ಲ ಕಡೆಯೂ ಇದ್ದಾರೆ. ವ್ಯಕ್ತಿಗೆ ನೇರವಾಗಿ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುವುದಿಲ್ಲವೆಂಬುದೂ ತಿಳಿದಿರಲಿ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಕೊಟ್ಟರೆ ಮಾತ್ರ ಅದು ಸಲ್ಲುತ್ತದೆ.

ಶಿವರಾತ್ರಿ ಕಳೆದ ಮೇಲೆ ನಾವು ಮತ್ತೆ ಯಲಹಂಕಕ್ಕೆ ಹೋದೆವು, ಈ ಬಾರಿ ಯಾರೂ ಕರೆಯದೆ. ಅಂದು ಆಡಿದ ಮಾತನ್ನು ಅಜ್ಜನವರ ಎದುರಿನಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆವು. ಅರವತ್ತು ದಾಟಿದ ಮೇಲೆ ಹೀಗೆ ಮಾಡುವುದು ಸುಲಭವಲ್ಲ, ಆದರೆ ಅದರಿಂದ ಆಗುವ ಹಗುರ ಬೇರೆ. ಲಕ್ಕಮ್ಮನವರ ಕಥೆಯನ್ನು ಹುಡುಗಿಗೆ ಹೇಳಿದೆವು. ಆಕೆ ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದು ನಮ್ಮ ಮುಂದಿಟ್ಟಳು. ವೆಚ್ಚದ ಬಾಬತ್ತುಗಳೆಲ್ಲ ಒಂದರ ಕೆಳಗೊಂದು ಬರೆದಿದ್ದವು. ನಾವು ನೋಡುತ್ತಿದ್ದಂತೆಯೇ ಯೂರೋಪಿನ ಶಿಬಿರ ಎಂದು ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದು, “ಇದು ಈ ವರ್ಷ ಬೇಡ ತಾತ, ಗುಲ್ಮಾರ್ಗ್ ಸಾಕು. ಮೊದಲು ಅಲ್ಲಿನ ಸ್ಪರ್ಧೆಯಲ್ಲಿ ನಿಲ್ಲುತ್ತೇನೆ” ಎಂದಳು. ಹಲಗೆಯನ್ನು ಹೊಸದಾಗಿ ಕೊಳ್ಳದೆ ಬಳಸಿದ್ದನ್ನೇ ಕೊಳ್ಳುವುದೆಂದೂ ಬದಲಾಯಿಸಿದಳು. ಬೂಟು ಮಾತ್ರ ಹೊಸದೇ ಆಗಬೇಕು, ಬೇರೆಯವರ ಕಾಲಿಗೆ ಒಗ್ಗಿದ ಬೂಟಿನಲ್ಲಿ ಹಲಗೆ ಮಾತು ಕೇಳುವುದಿಲ್ಲ ಎಂದು ನಮಗೆ ತಿಳಿಸಿ ಹೇಳಿದಳು.

ಅಜ್ಜನವರು ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಆಮೇಲೆ ಎದ್ದು ಬೀರುವಿನಿಂದ ತಮ್ಮ ಪಿಂಚಣಿಯ ಪಾಸ್‌ಬುಕ್ಕು ತೆಗೆದು ಮೇಜಿನ ಮೇಲೆ ಇಟ್ಟರು. “ಮೊದಲನೆಯ ಹೆಸರು ನನ್ನದು ಬರೀ. ಆಮೇಲೆ ಬೇರೆಯವರ ಮನೆಗೆ ಹೋಗೋಣ, ನಾನೂ ಬರುತ್ತೇನೆ” ಎಂದರು. ನಾವೂ ಜೇಬಿನಿಂದ ಐನೂರ ಒಂದು ರೂಪಾಯಿ ತೆಗೆದುಕೊಟ್ಟೆವು. ಹುಡುಗಿ ಅಜ್ಜನ ಹೆಸರಿನ ಕೆಳಗೆ ನಮ್ಮ ಹೆಸರು, ತಾರೀಖು, ಮೊತ್ತ ಬರೆದು, ಒಂದು ಹಾಳೆ ಹರಿದು ರಸೀತಿ ಮಾಡಿ ರುಜು ಹಾಕಿ ನಮ್ಮ ಕೈಗೆ ಕೊಟ್ಟಳು. ಬೇಡವಮ್ಮಾ ಎಂದರೂ ಕೇಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ಮತ್ತೊಮ್ಮೆ ಬಿಡಿಸಿ ನೋಡಿದೆವು. ನಮ್ಮ ಪಾಲಿನ ಅಕ್ಕಿಯನ್ನು ಜೋಳಿಗೆಗೆ ಹಾಕಿದ ಯಾರಿಗೂ ನಾವು ಇಂಥದೊಂದು ಚೀಟಿಯನ್ನು ಕೊಟ್ಟಿರಲಿಲ್ಲ.